ಹೊಸ ಶಾಫ್ಟ್ ಹಳೇ ಬಟ್‌ಗೆ ಕೂರದಾಗ

ಪೂಲ್ ಕ್ಯೂ ಎರಡು ತುಂಡಿನದು. ಹಿಂದೆ ಕೈ ಹಿಡಿಯುವ ದಪ್ಪ ತುಂಡು ಬಟ್, ಮುಂದೆ ಚೆಂಡಿಗೆ ತಾಗುವ ಸಣ್ಣ ತುಂಡು ಶಾಫ್ಟ್. ಎರಡೂ ಸುಮಾರು 29 ಇಂಚು, ಕೂಡಿಸಿದರೆ 58. ಏಟು ತಿನ್ನುವುದು, ಬಾಗುವುದು, ಟಿಪ್ ಹತ್ತಿರ ಸೀಳುವುದು ಎಲ್ಲ ಶಾಫ್ಟೇ. ಬಟ್ ಇಪ್ಪತ್ತು ವರ್ಷ ಬಂದೀತು, ಶಾಫ್ಟ್ ಬರುವುದಿಲ್ಲ. ಹಾಗಾಗಿ ಬದಲಿ ಶಾಫ್ಟ್ ತರಿಸುತ್ತೇವೆ. ಕೊರಿಯರ್ ಡಬ್ಬಿ ಚಿಕ್ಕಬಳ್ಳಾಪುರಕ್ಕೋ ಚಿಂತಾಮಣಿಗೋ ಬರುತ್ತದೆ. ಬಿಚ್ಚಿ ಜೋಡಿಸಿದರೆ ಮೂರು ಸುತ್ತಿಗೆ ನಿಂತುಬಿಡುತ್ತದೆ. ಇಲ್ಲವೇ ಪೂರಾ ಹೋಗಿಯೂ ನಡುವೆ ಕಾಗದ ತೂರುವಷ್ಟು ಸಂದು ಉಳಿಯುತ್ತದೆ.

ನಮ್ಮೂರು ಕಳವಾರದಿಂದ ಬೆಂಗಳೂರು ಹತ್ತಿರವೇ ನಿಜ. ಆದರೆ ಕ್ಯೂ ರಿಪೇರಿಯಲ್ಲಿ ನಿಜವಾಗಿ ಪಳಗಿದ ಕೈ ಅಲ್ಲೂ ಬೆರಳೆಣಿಕೆಯಷ್ಟು. ಅಷ್ಟು ದೂರ ಓಡುವ ಮೊದಲು ಮನೆಯಲ್ಲೇ ಮಾಡಬಹುದಾದ್ದು ಬಹಳ ಇದೆ. ನಮ್ಮೂರ ಲೇತ್ ಅಂಗಡಿಯಲ್ಲಿ ಮಾಡಿಸಬಹುದಾದ್ದೂ ಇದೆ. ಕೈ ಹಾಕಲೇಬಾರದ ಕೆಲಸವೂ ಇದೆ. ಮೂರನ್ನೂ ಬೇರೆ ಬೇರೆಯಾಗಿ ತಿಳಿದವರ ಶಾಫ್ಟ್ ಉಳಿಯುತ್ತದೆ.

1. ನಿಂತಲ್ಲಿ ಬಿಡಿ

ಶಾಫ್ಟ್ ಬೆರಳುಗಳ ಬಲಕ್ಕೇ ತಿರುಗಬೇಕು. ಮುಷ್ಟಿ ಕಟ್ಟಿ ತಿರುಚಬೇಕಾಯಿತು ಎಂದರೆ ಒಳಗೆ ಏನೋ ಹೊಂದುತ್ತಿಲ್ಲ. ಬೋರ್‌ವೆಲ್ ಪೈಪು ಬಿಗಿಯುವ ಕೈ ಕ್ಯೂಗೆ ಸಲ್ಲದು. ಬಲ ಹಾಕಿದರೆ ಮೂರರಲ್ಲಿ ಒಂದು ಖಂಡಿತ: ಮರದೊಳಗಿನ ಥ್ರೆಡ್ ಹರಿಯುತ್ತದೆ, ತೂತಿನೊಳಗೆ ಅಂಟಿಸಿದ ಹಿತ್ತಾಳೆಯ ಥ್ರೆಡ್ ಕೊಳವೆ, ಅಂದರೆ ಇನ್ಸರ್ಟ್, ಅಂಟು ಬಿಟ್ಟು ತಾನೇ ತಿರುಗತೊಡಗುತ್ತದೆ, ಇಲ್ಲವೇ ಶಾಫ್ಟ್‌ನ ಬುಡದಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ. ಮೊದಲಿನ ಎರಡಕ್ಕೆ ಮದ್ದಿದೆ. ಬಿರುಕಿಗೆ ಹೆಚ್ಚಾಗಿ ಇಲ್ಲ.

ಎಣ್ಣೆ ಬಿಡುವುದೂ ಬೇಡ. ಹೊಲಿಗೆ ಯಂತ್ರದ ಎಣ್ಣೆ, ಕೊಬ್ಬರಿ ಎಣ್ಣೆ ಯಾವುದಾದರೂ ಮರ ಅದನ್ನು ಕುಡಿಯುತ್ತದೆ. ಎಣ್ಣೆ ಕುಡಿದ ಮರಕ್ಕೆ ಮುಂದೆ ಅಂಟು ಹಿಡಿಯುವುದಿಲ್ಲ.

2. ಎಲ್ಲಿ ತಡೆಯಿತು ಎಂದು ಗಮನಿಸಿ

ಬಟ್‌ನ ಮುಖದಿಂದ ಹೊರಚಾಚಿದ ಥ್ರೆಡ್ಡಿನ ಕಡ್ಡಿಯೇ ಪಿನ್. ಅದು ಶಾಫ್ಟ್‌ನ ಬಾಯಿಗೇ ಹೋಗದಿದ್ದರೆ ಪಿನ್ ದಪ್ಪದ್ದು, ತೂತು ಸಣ್ಣದು. ಒಂದೆರಡು ಸುತ್ತು ಹೋಗಿ ಗಪ್ಪನೆ ಹಿಡಿದರೆ ಥ್ರೆಡ್ಡಿನ ಅಂತರ ಬೇರೆ. ಮೊದಲಿನಿಂದ ಕೊನೆಯವರೆಗೂ ಒಂದೇ ಸಮ ಬಿಗಿಯಾಗಿ ಹೋದರೆ ಅಳತೆ ಸರಿ, ಮರ ಉಬ್ಬಿದೆ ಅಥವಾ ಒಳಗೆ ಕೊಳೆ ಇದೆ. ಸಲೀಸಾಗಿ ಹೋಗಿ ಕೊನೆಯ ಒಂದೆರಡು ಮಿಲಿಮೀಟರ್ ಇರುವಾಗ ನಿಂತರೆ ಪೈಲಟ್ (ಶಾಫ್ಟ್ ಬುಡದ ಉಬ್ಬಿದ ಬಳೆ) ದಪ್ಪವಿರಬೇಕು, ಇಲ್ಲವೇ ತೂತಿನ ಆಳ ಸಾಲದು. ಪೂರಾ ಕೂತೂ ಅಲ್ಲಾಡಿದರೆ ತೂತೇ ದೊಡ್ಡದು.

ಈ ಐದರಲ್ಲಿ ನಿಮ್ಮದು ಯಾವುದು ಎಂದು ಗೊತ್ತಾಗುವ ತನಕ ಉಪ್ಪು ಕಾಗದ ಕೈಗೆತ್ತಿಕೊಳ್ಳಬೇಡಿ. ಉಜ್ಜಿದ ಶಾಫ್ಟನ್ನು ಮಾರಿದವರು ವಾಪಸ್ ತೆಗೆದುಕೊಳ್ಳುವುದಿಲ್ಲ.

3. ಮೊದಲು ಕೊಳೆ ತೆಗೆಯಿರಿ

ಕ್ಯೂ ಚಾಕ್ ಬರೀ ಸುಣ್ಣದ ಪುಡಿಯಲ್ಲ. ಅದರಲ್ಲಿ ಗಾಜಿನಂಥ ಸಿಲಿಕಾ ಮತ್ತು ಉಜ್ಜುಪುಡಿ ಬೆರೆತಿರುತ್ತದೆ. ಹಳೇ ಪಿನ್ನಿನ ಥ್ರೆಡ್ಡಿನ ಬುಡದಲ್ಲಿ ವರ್ಷಗಟ್ಟಲೆ ಕೂತ ಚಾಕ್, ಮೇಣ, ಕೈಬೆವರು ಸೇರಿ ಗಟ್ಟಿಯಾಗಿರುತ್ತದೆ. ಒಣ ಟೂತ್‌ಬ್ರಷ್ಷಿನಿಂದ ಪಿನ್ನನ್ನು ಥ್ರೆಡ್ಡಿನ ಜಾಡಿನಲ್ಲೇ ಉಜ್ಜಿ. ಲೋಹಕ್ಕೆ ಮಾತ್ರ ಸ್ಪಿರಿಟ್ ಹಚ್ಚಿದ ಬಟ್ಟೆ ಸಾಕು, ಮರಕ್ಕೆ ತಾಗಿಸಬೇಡಿ. ಶಾಫ್ಟ್‌ನ ತೂತಿಗೆ ಹಲ್ಲುಕಡ್ಡಿ ಆಡಿಸಿ, ಬಾಯಿ ಕೆಳಗೆ ಮಾಡಿ ತಟ್ಟಿ. ಹೊಸ ಶಾಫ್ಟ್‌ನಲ್ಲಿ ಕಾರ್ಖಾನೆಯ ಮರದ ಹೊಟ್ಟು, ಅಂಟಿನ ಹನಿ ತಳದಲ್ಲಿ ಉಳಿದಿರುವುದು ಅಪರೂಪವಲ್ಲ. ಕೂರದ ಶಾಫ್ಟು ಇಷ್ಟಕ್ಕೇ ಕೂತುಬಿಡುವುದೂ ಉಂಟು.

4. ಪಿನ್ನನ್ನು ನೂಲಿನ ಲೆಕ್ಕದಲ್ಲಿ ಅಳೆಯಿರಿ

ಇಲ್ಲಿ ಸ್ವಲ್ಪ ನಿಲ್ಲೋಣ. ಕೂರದ ಶಾಫ್ಟಿನ ಮೂಲ ಬಹುಪಾಲು ಸಿಗುವುದು ಇಲ್ಲೇ.

ಪೂಲ್ ಕ್ಯೂ ಪಿನ್‌ಗಳು ಇಂಚಿನ ಲೆಕ್ಕದವು. ಬಡಗಿಗಳು, ಲೇತ್‌ನವರು ಈಗಲೂ ಇಂಚನ್ನು ಎಂಟು ನೂಲಾಗಿ ಎಣಿಸುತ್ತಾರಲ್ಲ, ಆ ಲೆಕ್ಕ ಇಲ್ಲಿ ಹೇಳಿ ಮಾಡಿಸಿದ್ದು. ಹೆಚ್ಚಾಗಿ ಸಿಗುವ ಪಿನ್ ಎರಡು ದಪ್ಪದವು. ಎರಡೂವರೆ ನೂಲಿನದು, ಅಂದರೆ 5/16 ಇಂಚು, 7.94 ಮಿ.ಮೀ. ಮೂರು ನೂಲಿನದು, ಅಂದರೆ 3/8 ಇಂಚು, 9.53 ಮಿ.ಮೀ. ವರ್ನಿಯರ್ ಕ್ಯಾಲಿಪರ್ ಹಿಡಿದರೆ ಇದಕ್ಕಿಂತ ಕೂದಲಷ್ಟು ಕಡಿಮೆಯೇ ತೋರಿಸುತ್ತದೆ. ಗಾಬರಿ ಬೇಡ.

ದಪ್ಪ ಒಂದೇ ಆದರೂ ಇಂಚಿಗೆ ಎಷ್ಟು ಥ್ರೆಡ್ ಎಂಬುದು ಬೇರೆ. 5/16ರಲ್ಲಿ ಇಂಚಿಗೆ 14 ಇರುವುದೂ ಉಂಟು, 18 ಇರುವುದೂ ಉಂಟು. 3/8ರಲ್ಲಿ 10 ಮತ್ತು 11. ಇವಲ್ಲದೆ ರೇಡಿಯಲ್ ಎಂಬ ಪಿನ್ ಇದೆ. ಸುಮಾರು ಮೂರು ನೂಲಿನದೇ, ಆದರೆ ಥ್ರೆಡ್ಡಿನ ಬುಡ ದುಂಡಗೆ, ಇಂಚಿಗೆ 8. ಸ್ಕೇಲನ್ನು ಪಿನ್ನಿನ ಪಕ್ಕ ಇಟ್ಟು, ಬೆಳಕಿಗೆ ಹಿಡಿದು, ಒಂದು ಇಂಚಿನಲ್ಲಿ ಎಷ್ಟು ಏಣು ಎಂದು ಎಣಿಸಿ. ಅರ್ಧ ಇಂಚು ಎಣಿಸಿ ದುಪ್ಪಟ್ಟು ಮಾಡಿದರೆ 10 ಮತ್ತು 11ರ ನಡುವೆ ಮೋಸ ಹೋಗುತ್ತೀರಿ.

10ರ ಪಿನ್ನಿನಲ್ಲಿ ಒಂದು ಏಣಿನಿಂದ ಇನ್ನೊಂದಕ್ಕೆ 2.54 ಮಿ.ಮೀ., 11ರಲ್ಲಿ 2.31. ಒಂದು ಸುತ್ತಿಗೆ ಕಾಲು ಮಿಲಿಮೀಟರಿಗೂ ಕಡಿಮೆ ವ್ಯತ್ಯಾಸ. ಆದ್ದರಿಂದಲೇ ಮೊದಲ ಸುತ್ತು ಸರಿಯೆನಿಸುತ್ತದೆ. ನಾಲ್ಕನೇ ಸುತ್ತಿಗೆ ಅದು ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಆಗಿ, ಪಿನ್ ಸಿಕ್ಕಿಬೀಳುತ್ತದೆ. ಹಿತ್ತಾಳೆಯ ಇನ್ಸರ್ಟ್ ಇದ್ದರೆ ಬೇಗ ಹಿಡಿದು ಎಚ್ಚರಿಸುತ್ತದೆ. ಮರದ ಥ್ರೆಡ್ ಮೆದು, ತನ್ನನ್ನೇ ಹರಿದುಕೊಂಡು ಪಿನ್ನಿಗೆ ದಾರಿ ಬಿಡುತ್ತದೆ. ಮರದ್ದಕ್ಕೇ ಹೆಚ್ಚು ಎಚ್ಚರ ಬೇಕು.

5. ಹಾರ್ಡ್‌ವೇರ್ ಅಂಗಡಿಯ ಬೋಲ್ಟ್ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು

ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಇಂತಿಷ್ಟು ದಪ್ಪಕ್ಕೆ ಇಂತಿಷ್ಟು ಥ್ರೆಡ್ ಎಂದು ನಿಯಮ ಸೂಚಿಸಿದ. ಅಲ್ಲಿಯ ತನಕ ಒಂದು ಕಾರ್ಖಾನೆಯ ಬೋಲ್ಟಿಗೆ ಇನ್ನೊಂದರ ನಟ್ ಕೂರುತ್ತಿರಲಿಲ್ಲ. ಅಮೆರಿಕದಲ್ಲಿ ವಿಲಿಯಂ ಸೆಲ್ಲರ್ಸ್ 1864ರಲ್ಲಿ ತನ್ನದೊಂದು ಪದ್ಧತಿ ಮುಂದಿಟ್ಟ. ವಿಟ್‌ವರ್ತ್‌ನ ಏಣಿನ ಕೋನ 55 ಡಿಗ್ರಿ, ಸೆಲ್ಲರ್ಸ್‌ನದು 60. ಎರಡೂ ಪದ್ಧತಿಯಲ್ಲಿ 5/16ಕ್ಕೆ 18 ಥ್ರೆಡ್, 3/8ಕ್ಕೆ 16. ಕ್ಯೂ ಮಾಡುವವರು ಮಾತ್ರ ಇಂದಿಗೂ ಒಂದೇ ನಿಯಮಕ್ಕೆ ಬಂದಿಲ್ಲ. ತಮಗೆ ಹಿಡಿಸಿದ ಅಳತೆಯಲ್ಲಿ ಪಿನ್ ಕಡೆಯುತ್ತಾರೆ.

ಇದರಿಂದ ನಮಗಾಗುವ ಉಪಯೋಗ ಇಷ್ಟು. ನಿಮ್ಮ ಬಟ್‌ನ ಪಿನ್ 5/16ಕ್ಕೆ 18 ಆಗಿದ್ದರೆ ಮಾತ್ರ, ಎರಡೂವರೆ ನೂಲಿನ ಸಾಮಾನ್ಯ ಬೋಲ್ಟ್ ತಂದು ಹೊಸ ಶಾಫ್ಟಿನ ಹಿತ್ತಾಳೆ ಇನ್ಸರ್ಟಿಗೆ ಮೆಲ್ಲನೆ ಹಾಕಿ ಪರೀಕ್ಷಿಸಬಹುದು. ಕೈಯಲ್ಲೇ ಹೋದರೆ ಇನ್ಸರ್ಟೂ 18ರದ್ದೇ. ಉಳಿದ ಯಾವ ಪಿನ್ನಿಗೂ ಈ ಪರೀಕ್ಷೆ ನಡೆಯದು. ಬೋಲ್ಟ್ ಕೊಳ್ಳುವಾಗ 8 ಎಂ.ಎಂ.ನದು ಕೊಟ್ಟಾರು, ಹುಷಾರು. ನೋಡಲು ಅಷ್ಟೇ ದಪ್ಪ, ಆದರೆ ಅದರ ಥ್ರೆಡ್ 1.25 ಮಿ.ಮೀ. ಅಂತರದ್ದು. 18ರದ್ದು 1.41.

ಮರದ ಥ್ರೆಡ್ ಇರುವ ಶಾಫ್ಟಿಗೆ ಬೋಲ್ಟನ್ನು ಯಾವತ್ತೂ ಹಾಕಬೇಡಿ.

ಸ್ಕೇಲಿನ ಎಣಿಕೆಯಲ್ಲಿ ಅನುಮಾನ ಉಳಿದರೆ ಬಟ್ ತೆಗೆದುಕೊಂಡು ಲೇತ್ ಅಂಗಡಿಗೆ ಹೋಗಿ ಥ್ರೆಡ್ ಗೇಜ್ ಕೇಳಿ. ಇಂಚಿನ ಗೇಜಿನಲ್ಲಿ 10, 11, 14, 18 ನಾಲ್ಕೂ ಅಲಗುಗಳಿರುತ್ತವೆ. ಬೇರೆ ದಪ್ಪದ ಬೋಲ್ಟುಗಳಿಗಾಗಿ ಇಟ್ಟದ್ದಾದರೂ ಅಂತರ ಅಂತರವೇ. ಅಲಗಿನ ಹಲ್ಲು ಪಿನ್ನಿನ ಏಣುಗಳ ನಡುವೆ ಕೂತು ಬೆಳಕು ತೂರದಿದ್ದರೆ ಅದೇ ನಿಮ್ಮ ಸಂಖ್ಯೆ.

6. ಜಾಯಿಂಟ್ ಯಾವ ಜಾತಿ ಎಂದು ತಿಳಿಯಿರಿ

ಬಟ್‌ನ ಮುಖ ನೋಡಿ. ಪಿನ್ನಿನ ಸುತ್ತ ಮುಖ ಚಪ್ಪಟೆಯಾಗಿದ್ದರೆ ಅದು ಚಪ್ಪಟೆ ಜಾಯಿಂಟ್. ಸ್ಟೀಲ್ ಕಾಲರಿನ ಒಳಗೆ ಗುಂಡಿಯಂತೆ ತಗ್ಗಿದ್ದರೆ ಪೈಲಟ್ ಜಾಯಿಂಟ್. ಅದಕ್ಕೆ ಹೊಂದುವ ಶಾಫ್ಟಿನ ಬುಡದಲ್ಲಿ ಉಬ್ಬಿದ ಒಂದು ಬಳೆ ಇರುತ್ತದೆ. ಅದೇ ಪೈಲಟ್. ಅದು ಗುಂಡಿಯೊಳಗೆ ಬಿಗಿಯಾಗಿ ಇಳಿದಾಗಲೇ ಎರಡು ತುಂಡು ಒಂದೇ ನೇರಕ್ಕೆ ಬರುವುದು. ಪಿನ್ನಿನ ಅರ್ಧಕ್ಕೆ ಥ್ರೆಡ್ ಇಲ್ಲದೆ ನುಣುಪಾಗಿದ್ದು, ಎರಡು ಮೂರು ಸುತ್ತಿಗೇ ಜೋಡಣೆ ಮುಗಿದರೆ ಕ್ವಿಕ್ ರಿಲೀಸ್.

ಜಾಸ್, ಶೋನ್ ಕ್ಯೂಗಳದು ಹೆಚ್ಚಾಗಿ 5/16ಕ್ಕೆ 14ರ ಪೈಲಟ್ ಜಾಯಿಂಟ್. ಮೆಕ್‌ಡರ್ಮಟ್ ಅಂದರೆ 3/8ಕ್ಕೆ 10. ಪ್ರಿಡೇಟರ್‌ನಲ್ಲಿ ಯೂನಿ-ಲಾಕ್ ಎಂಬ ಕ್ವಿಕ್ ರಿಲೀಸ್, ಜಪಾನಿನ ಮೆಜ್ ತನ್ನದೇ ಜಾಯಿಂಟ್ ಹಾಕುತ್ತದೆ. ಒಂದೇ ಕಂಪನಿಯಲ್ಲೂ ಮಾದರಿಯಿಂದ ಮಾದರಿಗೆ ಬದಲಾಗುವುದರಿಂದ ಹೆಸರು ನೋಡಿ ಶಾಫ್ಟ್ ತರಿಸಬೇಡಿ, ಪಿನ್ ಅಳೆದು ತರಿಸಿ.

7. ಜಾತಿಯೇ ಬೇರೆಯಾದರೆ ವಾಪಸ್ ಕಳಿಸಿ

14ರ ಪಿನ್ನಿಗೆ 18ರ ಶಾಫ್ಟ್ ಬಂದಿದ್ದರೆ ತಿದ್ದಲು ಕೂರಬೇಡಿ. ಡಬ್ಬಿ, ಬಿಲ್ಲು ಇಟ್ಟುಕೊಂಡು, ಬಟ್‌ನ ಪಿನ್ ಪಕ್ಕ ಸ್ಕೇಲಿಟ್ಟು ಫೋಟೊ ತೆಗೆದು ಮಾರಿದವರಿಗೆ ಕಳಿಸಿ. ಬದಲಾಯಿಸುವ ಖರ್ಚು ಯಾವಾಗಲೂ ರಿಪೇರಿಗಿಂತ ಅಗ್ಗ. ಮೊದಲೇ ಹೀಗೆ ಫೋಟೊ ಕಳಿಸಿ ಕೇಳಿದ್ದರೆ ಇನ್ನೂ ಅಗ್ಗ.

8. ತಿದ್ದುವುದೇನಿದ್ದರೂ ಶಾಫ್ಟ್ ಕಡೆ

ಇದನ್ನು ಒತ್ತಿ ಹೇಳುತ್ತೇನೆ. ಬಟ್‌ನ ಪಿನ್ನಿಗೆ ಅರ ತಾಗಿಸಬೇಡಿ, ಕಾಲರಿನ ಗುಂಡಿ ಕೆರೆಯಬೇಡಿ. ಪಿನ್ ಸವೆಸಿದರೆ ಇವತ್ತಿನ ಶಾಫ್ಟ್ ಕೂರಬಹುದು, ಆದರೆ ಮನೆಯಲ್ಲಿರುವ ಹಳೇ ಶಾಫ್ಟ್ ಸಡಿಲವಾಗುತ್ತದೆ, ಮುಂದೆ ತರುವ ಪ್ರತಿಯೊಂದೂ ಸಡಿಲವಾಗುತ್ತದೆ. ಒಂದು ಶಾಫ್ಟಿಗಾಗಿ ಕ್ಯೂವನ್ನೇ ಕೆಡಿಸಿದ ಹಾಗೆ. "ಪಿನ್ ಒಂಚೂರು ಇಳಿಸಿಬಿಡೋಣ ಸಾರ್, ಎರಡು ನಿಮಿಷದ ಕೆಲಸ" ಎಂದು ಯಾರು ಎಷ್ಟೇ ವಿಶ್ವಾಸದಿಂದ ಹೇಳಿದರೂ ಒಪ್ಪಬೇಡಿ.

9. ಪೈಲಟ್ ದಪ್ಪವಿದ್ದರೆ ಕೂದಲೆಳೆಯಷ್ಟೇ ಇಳಿಸಿ

ಥ್ರೆಡ್ ಸರಿ, ಜಾಯಿಂಟ್ ಜಾತಿ ಸರಿ, ಕೊನೆಯ ಎರಡು ಮಿಲಿಮೀಟರ್ ಮಾತ್ರ ಇಳಿಯುತ್ತಿಲ್ಲ. ಮನೆಯಲ್ಲೇ ಗೆಲ್ಲಬಹುದಾದ ಕೆಲಸ ಇದು.

ಬಟ್‌ನ ಗುಂಡಿಯ ಒಳಗೋಡೆಗೆ ಪೆನ್ಸಿಲ್ಲಿನ ಸೀಸ ಬಳಿಯಿರಿ. ಶಾಫ್ಟನ್ನು ನಿಲ್ಲುವ ತನಕ ಮೆಲ್ಲಗೆ ತಿರುಗಿಸಿ ಬಿಚ್ಚಿ. ಪೈಲಟ್ ಮೇಲೆ ಎಲ್ಲಿ ಕಪ್ಪು ತಾಗಿದೆಯೋ ಅಲ್ಲಿ ಬಿಗಿ. ಸುತ್ತಲೂ ಸಮವಾಗಿ ತಾಗಿದ್ದರೆ 400ನೇ ನಂಬರಿನ ಉಪ್ಪು ಕಾಗದದ ಸಣ್ಣ ಪಟ್ಟಿಯನ್ನು ಪೈಲಟ್ ಸುತ್ತ ಸುತ್ತಿ, ಎರಡು ಬೆರಳಲ್ಲಿ ಹಿಡಿದು ಶಾಫ್ಟನ್ನು ತಿರುಗಿಸಿ. ಕಾಗದವನ್ನಲ್ಲ, ಶಾಫ್ಟನ್ನು ತಿರುಗಿಸಬೇಕು. ಆಗ ಸುತ್ತಲೂ ಒಂದೇ ಸಮ ಸವೆಯುತ್ತದೆ. ನಾಲ್ಕು ಸುತ್ತು, ಒರೆಸಿ, ಜೋಡಿಸಿ ನೋಡಿ. ಮತ್ತೆ ನಾಲ್ಕು ಸುತ್ತು. ಮುಖಕ್ಕೆ ಕಾಗದ ತಾಗದಂತೆ ಅಲ್ಲಿ ಟೇಪ್ ಅಂಟಿಸಿಕೊಳ್ಳಿ. ಪೈಲಟ್ ಬೆರಳ ಒತ್ತಡಕ್ಕೆ ಗುಂಡಿಯೊಳಗೆ ಇಳಿಯುವ ಹದ ಬಂದೊಡನೆ ನಿಲ್ಲಿಸಿ. ಅಲ್ಲಿಂದ ಮುಂದೆ ಇನ್ನೊಂದು ಸುತ್ತು ಉಜ್ಜಿದರೂ ಬಿಗಿ ಹೋಗಿ ಜಾಯಿಂಟ್ ಕಟಕಟ ಅನ್ನತೊಡಗುತ್ತದೆ.

ಕಪ್ಪು ಒಂದೇ ಪಕ್ಕಕ್ಕೆ ತಾಗಿದ್ದರೆ ಪೈಲಟ್ ದಪ್ಪವಲ್ಲ, ತೂತು ನಡುಮಧ್ಯದಲ್ಲಿಲ್ಲ ಎಂದರ್ಥ. ಆ ಪಕ್ಕವನ್ನಷ್ಟೇ ಉಜ್ಜಿ ಕೂರಿಸಿದರೆ ಕ್ಯೂ ಸೊಟ್ಟಗೇ ಕೂರುತ್ತದೆ. ಅಂಥ ಶಾಫ್ಟ್ ಲೇತ್‌ಗೆ ಹೋಗಲಿ.

10. ಆಳ ಸಾಲದಿದ್ದರೆ

ಕ್ಯಾಲಿಪರಿನ ಬಾಲದ ಕಡ್ಡಿಯಿಂದ ತೂತಿನ ಆಳ ಅಳೆಯಿರಿ. ಪಿನ್ ಮುಖದಿಂದ ಎಷ್ಟು ಹೊರಗಿದೆಯೋ ಅದಕ್ಕಿಂತ 2–3 ಮಿ.ಮೀ. ಹೆಚ್ಚಿರಬೇಕು. ಕಡಿಮೆ ಇದ್ದರೆ ಥ್ರೆಡ್ಡಿಗೆ ತಾಗದಷ್ಟು ಸಣ್ಣ ಡ್ರಿಲ್ ಬಿಟ್ ತೆಗೆದುಕೊಂಡು, ಬೇಕಾದ ಆಳಕ್ಕೆ ಟೇಪಿನ ಗುರುತು ಕಟ್ಟಿ, ಯಂತ್ರ ಹಾಕದೆ ಕೈಯಲ್ಲೇ ತಿರುಗಿಸಿ ತಳ ಕೊರೆಯಿರಿ.

11. ಮರ ಉಬ್ಬಿದ್ದರೆ ಕಾಯಿರಿ

ಶಾಫ್ಟ್ ಬಹುಪಾಲು ಮೇಪಲ್ ಮರದ್ದು. ಮರ ತೇವ ಹೀರಿ ಅಡ್ಡಕ್ಕೆ ಉಬ್ಬುತ್ತದೆ, ಉದ್ದಕ್ಕೆ ಹೆಚ್ಚುಕಡಿಮೆ ಇಲ್ಲ. ಅಡ್ಡಕ್ಕೂ ಎಲ್ಲ ಕಡೆ ಒಂದೇ ಸಮವಲ್ಲ. ಹಸಿ ಮೇಪಲ್ ಪೂರಾ ಒಣಗಿದಾಗ ವರ್ಷದ ಉಂಗುರಗಳ ಗುಂಟ ಸುಮಾರು ಶೇ. 10ರಷ್ಟು ಕುಗ್ಗಿದರೆ, ತಿರುಳಿನಿಂದ ತೊಗಟೆಯ ಕಡೆಗೆ ಅದರ ಅರ್ಧ. ಒಣಗಿದ ಶಾಫ್ಟಿನಲ್ಲಿ ಏರಿಳಿತ ಇಷ್ಟಿರುವುದಿಲ್ಲ, ಆದರೆ ದುಂಡನೆಯ ತೂತು ಒಂದಿಷ್ಟು ಮೊಟ್ಟೆಯಾಕಾರಕ್ಕೆ ತಿರುಗಲು ಅಷ್ಟು ಬೇಡವೇ ಬೇಡ. ಮರದ ಥ್ರೆಡ್ಡಿನ ಶಾಫ್ಟ್ ಮಳೆಗಾಲದಲ್ಲಿ ಬಿಗಿಯಾಗಿ ಬೇಸಿಗೆಯಲ್ಲಿ ಸಲೀಸಾಗುವುದು ಇದರಿಂದ.

ಹೊಸ ಶಾಫ್ಟ್ ಬಂದ ದಿನವೇ ತೀರ್ಪು ಕೊಡಬೇಡಿ. ಗೋದಾಮು, ಲಾರಿ, ಮಳೆ ದಾಟಿ ಬಂದ ಮರಕ್ಕೆ ನಿಮ್ಮ ಮನೆಯ ಹವೆ ಒಗ್ಗಲು ಒಂದೆರಡು ವಾರ ಬೇಕು. ಇಡುವ ಕೋಣೆ ಯಾವುದು ಎಂಬುದೂ ಮುಖ್ಯ. ಶಿಡ್ಲಘಟ್ಟದಲ್ಲಿ ಮನೆಯ ಒಂದು ಭಾಗದಲ್ಲೇ ರೇಷ್ಮೆ ಬಿಚ್ಚುವ ಘಟಕ ಇರುವುದು ಸಾಮಾನ್ಯ. ಗೂಡು ಬೇಯಿಸುವ ಬಿಸಿನೀರಿನ ಹಬೆ ಇಡೀ ದಿನ ಆಡುವ ಕಡೆ ಶಾಫ್ಟ್ ಇಟ್ಟರೆ ಅದು ಯಾವ ಕಾಲದಲ್ಲೂ ಒಣಗದು. ಬಿಸಿಲಿಗೆ ಒಡ್ಡಿ ಒಣಗಿಸುವ ಉಪಾಯವೂ ತಪ್ಪು. ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟ ಶಾಫ್ಟ್ ಬಾಗುತ್ತದೆ. ಒಳಕೋಣೆ, ಗೋಡೆಗೆ ಒರಗಿಸದೆ ಮಲಗಿಸಿ ಇಡುವುದು, ಅಷ್ಟೇ.

ಆಮೇಲೂ ಒಂದೇ ಸಮ ಬಿಗಿ ಉಳಿದರೆ ಪಿನ್ನಿಗೆ ಬಿಳಿ ಮೇಣದಬತ್ತಿಯನ್ನು ತೆಳ್ಳಗೆ ಉಜ್ಜಿ, ಶಾಫ್ಟನ್ನು ಅರ್ಧ ಸುತ್ತು ಮುಂದೆ ಕಾಲು ಸುತ್ತು ಹಿಂದೆ ಎಂಬಂತೆ ಒಳಗೆ ನಡೆಸಿ. ಹೊರಬಂದ ಪುಡಿ ಒರೆಸಿ ಮತ್ತೆ ನಡೆಸಿ. ಮರದ ಥ್ರೆಡ್ ಹೀಗೆ ಪಿನ್ನಿಗೆ ಪಳಗುತ್ತದೆ.

12. ಲೇತ್‌ಗೆ ಹೋಗುವಾಗ ಏನು ಹೇಳಬೇಕು

ಬೋರ್‌ವೆಲ್, ಟ್ರ್ಯಾಕ್ಟರ್, ರೇಷ್ಮೆ ಯಂತ್ರಗಳ ದೆಸೆಯಿಂದ ನಮ್ಮ ಸುತ್ತಲ ತಾಲ್ಲೂಕುಗಳಲ್ಲಿ ಒಳ್ಳೆಯ ಲೇತ್ ಕೈಗಳಿವೆ. ಕಬ್ಬಿಣ, ಹಿತ್ತಾಳೆ ಅವರಿಗೆ ನೀರು ಕುಡಿದಷ್ಟು ಸುಲಭ. ಮೇಪಲ್ ಮರ ಮಾತ್ರ ಹೊಸದು. ಆದ್ದರಿಂದ ಪಕ್ಕದಲ್ಲಿ ನಿಂತು ಮಾಡಿಸಿ, ಬಿಟ್ಟು ಬರಬೇಡಿ.

ಇನ್ಸರ್ಟ್ ಬದಲಿಸುವ ಕೆಲಸ ಹೀಗೆ ಸಾಗಬೇಕು. ಹಳೇ ಇನ್ಸರ್ಟಿಗೆ ಸೋಲ್ಡರಿಂಗ್ ಐರನ್ ಮೊನೆ ತಾಗಿಸಿ ಕಾಯಿಸಿದರೆ ಅಂಟು ಮೆತ್ತಗಾಗಿ ಬಿಚ್ಚಿಕೊಳ್ಳುತ್ತದೆ. ಬೆಂಕಿ ಕಡ್ಡಿ, ಗ್ಯಾಸ್ ಜ್ವಾಲೆ ಬೇಡ, ಮರ ಕರಕಲಾಗುತ್ತದೆ. ಶಾಫ್ಟನ್ನು ಚಕ್ಕಿಗೆ ನೇರವಾಗಿ ಕಚ್ಚಿಸಿದರೆ ಮೂರು ದವಡೆಯ ಗುರುತು ಶಾಶ್ವತ. ಸೀಳು ಹಾಕಿದ ಪ್ಲಾಸ್ಟಿಕ್ ಅಥವಾ ಮರದ ಬಳೆ ಕಡೆದು ಅದರೊಳಗೆ ಹಿಡಿಸಿ. ಡಯಲ್ ಗೇಜ್ ಇಟ್ಟು ತಿರುಗಿಸಿ, ಮುಳ್ಳು ಆಡದಂತೆ ಹೊಂದಿಸಿಕೊಂಡೇ ಉಳಿ ಇಡಲಿ. ತೂತನ್ನು ಡ್ರಿಲ್ ಬಿಟ್ಟಿನಿಂದ ಹಿಗ್ಗಿಸಿದರೆ ಬಿಟ್ ಮರದ ಎಳೆಯ ಗುಂಟ ಜಾರುತ್ತದೆ. ಬೋರಿಂಗ್ ಟೂಲಿನಿಂದ ಹಿಗ್ಗಿಸಿದರೆ ನಡು ತಪ್ಪದು.

ಹಳೇ ತೂತು ಕೆಟ್ಟಿದ್ದರೆ ಅದನ್ನು ಅಗಲಿಸಿ, ಲೇತ್‌ನವರು ಹೈಲಂ ಎನ್ನುವ ಗಟ್ಟಿ ರಾಡಿನ ತುಂಡನ್ನು ಅರಾಲ್ಡೈಟ್ ಹಾಕಿ ಕೂರಿಸಿ, ಒಂದು ದಿನ ಪೂರ್ತಿ ಗಟ್ಟಿಯಾಗಲು ಬಿಟ್ಟು, ಮರುದಿನ ಅದರೊಳಗೆ ಹೊಸ ತೂತು ಕೊರೆಯುವುದು ಸರಿಯಾದ ದಾರಿ. ಐದು ನಿಮಿಷದ ಅಂಟು ಈ ಜಾಗಕ್ಕೆ ಸಾಲದು. ಪ್ರತಿ ಹೊಡೆತದ ಅದುರು ಹೋಗುವುದು ಇಲ್ಲಿಂದಲೇ.

14ರ, 10ರ ಟ್ಯಾಪ್ ಈ ದಪ್ಪಕ್ಕೆ ಊರ ಅಂಗಡಿಯಲ್ಲಿ ಸಿಗುವುದಿಲ್ಲ. "8 ಎಂ.ಎಂ. ಟ್ಯಾಪ್ ಹೊಡೆದು ಕೊಡ್ತೀನಿ, ಹತ್ತಿರ ಹತ್ತಿರ ಬರುತ್ತೆ" ಎಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ನಿಮ್ಮ ಪಿನ್ನಿನ ಅಳತೆಯ ಹಿತ್ತಾಳೆ ಇನ್ಸರ್ಟನ್ನೇ ಮೊದಲು ತರಿಸಿಕೊಂಡು, ಅದರ ಹೊರಮೈಗೆ ಸರಿಯಾದ ತೂತು ಮಾತ್ರ ಲೇತ್‌ನವರಿಂದ ಮಾಡಿಸಿ. ಮರದಲ್ಲೇ ಥ್ರೆಡ್ ಬೇಕೆಂದರೆ ತೂತಿನ ಗೋಡೆಗೆ ಫೆವಿಕ್ವಿಕ್‌ನಂಥ ನೀರು ಅಂಟು ಕುಡಿಸಿ ಗಟ್ಟಿ ಮಾಡಿ, ಆಮೇಲೆ ಟ್ಯಾಪನ್ನು ಕೈಯಲ್ಲಿ ನಿಧಾನ ನಡೆಸಬೇಕು.

ಮುಖವನ್ನು ಲೇತ್ ಮೇಲೆಯೇ ಸಮ ಮಾಡಿಸಿ. ಕೈಯಲ್ಲಿ ಉಪ್ಪು ಕಾಗದದ ಮೇಲೆ ಉಜ್ಜಿದರೆ ಅಂಚು ದುಂಡಾಗುವುದು ಖಾತ್ರಿ.

13. ಕಾಲರ್ ಹೊಂದದಿದ್ದರೆ

ಜಾಯಿಂಟ್ ಕೂತಿದೆ, ಆದರೆ ಬೆರಳು ಸವರಿದರೆ ಮೆಟ್ಟಿಲು ಸಿಗುತ್ತದೆ. ಜಾಯಿಂಟ್ ಜಾಗದಲ್ಲಿ ಕ್ಯೂ ದಪ್ಪ ಸಾಮಾನ್ಯವಾಗಿ 21 ಮಿ.ಮೀ. ಆಸುಪಾಸು, ಆದರೆ ಕಂಪನಿಯಿಂದ ಕಂಪನಿಗೆ ತುಸು ಹೆಚ್ಚುಕಡಿಮೆ. ಶಾಫ್ಟ್ ದಪ್ಪವಿದ್ದರೆ ಬಟ್‌ನ ಕಾಲರಿಗೆ ಎರಡು ಪದರ ಟೇಪ್ ಸುತ್ತಿ ಶಾಫ್ಟಿನ ಬುಡವನ್ನು ಇಳಿಸಬಹುದು. ಶಾಫ್ಟ್ ತೆಳ್ಳಗಿದ್ದರೆ ಹಾಗೇ ಬಿಡಿ. ಕಣ್ಣಿಗೆ ಕಾಣುವ ಈ ಕೊರತೆ ಆಟಕ್ಕೆ ತಾಗುವುದಿಲ್ಲ.

14. ಕಾರ್ಬನ್ ಶಾಫ್ಟಿಗೆ ಉಪ್ಪು ಕಾಗದ ಬೇಡ

ಕಾರ್ಬನ್ ನಾರಿನ ದೂಳು ಕಣ್ಣು, ಚರ್ಮ, ಶ್ವಾಸಕೋಶಕ್ಕೆ ಕೆಟ್ಟದ್ದು. ಉಜ್ಜಿದ ಕಡೆ ನಾರು ಏಳುತ್ತದೆ. ಮನೆಯಲ್ಲಿ, ಅದೂ ಮಕ್ಕಳಿರುವ ಕಡೆ, ಇದಕ್ಕೆ ಕೈ ಹಾಕಲೇಬೇಡಿ. ಕಾರ್ಬನ್ ಶಾಫ್ಟ್ ಕೂರದಿದ್ದರೆ ಬದಲಾಯಿಸುವುದೊಂದೇ ದಾರಿ.

15. ಸ್ನೂಕರ್ ಕ್ಯೂನವರಿಗೆ ಎರಡು ಮಾತು

ಸ್ನೂಕರ್ ಕ್ಯೂ ಶಾಫ್ಟ್ ಹೆಚ್ಚಾಗಿ ಆಶ್ ಮರದ್ದು, ಟಿಪ್ 9–10 ಮಿ.ಮೀ., ಪೂಲಿನದು 12–13. ಮುಕ್ಕಾಲು ಜಾಯಿಂಟ್ ಕ್ಯೂನಲ್ಲಿ ಮುಂದಿನ ತುಂಡೇ ಮೂರಡಿಗಿಂತ ಉದ್ದ. ಹಿತ್ತಾಳೆ ಜಾಯಿಂಟಿನ ಎರಡು ಪಾಲನ್ನೂ ಮಾಡಿದವರೇ ಒಂದಕ್ಕೊಂದು ಹೊಂದಿಸಿರುತ್ತಾರೆ. ಬೇರೆಯವರ ಶಾಫ್ಟ್ ತಂದು ಕೂರಿಸುವ ಯೋಚನೆ ಬಿಡಿ, ಕ್ಯೂ ಮಾಡಿದವರಿಗೇ ಕಳಿಸಿ. ಕಳಿಸುವಾಗ ಗಟ್ಟಿ ಪೆಟ್ಟಿಗೆ ಇರಲಿ. ಸ್ನೂಕರ್ ಆಟಗಾರ ಸ್ಟೀಫನ್ ಹೆಂಡ್ರಿ 1990ರಿಂದ 1999ರ ನಡುವೆ ಏಳು ವಿಶ್ವ ಪ್ರಶಸ್ತಿ ಗೆದ್ದದ್ದು ಒಂದೇ ಕ್ಯೂನಿಂದ. 2003ರಲ್ಲಿ ವಿಮಾನ ಪ್ರಯಾಣದಲ್ಲಿ ಅದು ರಿಪೇರಿಗೂ ಬಾರದಂತೆ ಮುರಿದುಹೋಯಿತು.

16. ಕೂತ ಮೇಲೆ ಪರೀಕ್ಷೆ

ಜಾಯಿಂಟನ್ನು ಟ್ಯೂಬ್‌ಲೈಟಿಗೆ ಅಡ್ಡ ಹಿಡಿದು ಸುತ್ತಲೂ ತಿರುಗಿಸಿ. ಎಲ್ಲೂ ಬೆಳಕು ತೂರಬಾರದು. ಬಿಲ್ಲಿನ ತೆಳು ಕಾಗದದ ಪಟ್ಟಿಯನ್ನು ನಾಲ್ಕು ಕಡೆ ಸಂದಿಗೆ ಇಟ್ಟು ಬಿಗಿದು ಎಳೆಯಿರಿ. ನಾಲ್ಕೂ ಕಡೆ ಒಂದೇ ಬಿಗಿಗೆ ಹಿಡಿಯಬೇಕು. ಬಟ್ ಹಿಡಿದು ಶಾಫ್ಟನ್ನು ಅಂಗೈಗೆ ಬಡಿದರೆ ಗಟ್ಟಿ ಒಂದೇ ಸದ್ದು ಬರಬೇಕು. ಕಿರಕಿರ ಬಂದರೆ ಇನ್ಸರ್ಟ್ ಸಡಿಲ.

ಆಮೇಲೆ ಉರುಳಿಸುವ ಪರೀಕ್ಷೆ. ಬಟ್ ಒಂಟಿಯಾಗಿ, ಶಾಫ್ಟ್ ಒಂಟಿಯಾಗಿ, ಕೊನೆಗೆ ಎರಡೂ ಕೂಡಿ ಟೇಬಲ್ ಮೇಲೆ ಉರುಳಿಸಿ. ಒಂಟಿಯಾಗಿ ನೇರ ಉರುಳಿದ ಎರಡು ತುಂಡು ಕೂಡಿದಾಗ ಎದ್ದು ಬಿದ್ದು ಉರುಳಿದರೆ ಮುಖ ಸೊಟ್ಟ. ಯಾರ ಮುಖ ಸೊಟ್ಟ ಎಂದು ತಿಳಿಯಲು ಅದೇ ಪಿನ್ನಿನ ಇನ್ನೊಬ್ಬರ ಒಳ್ಳೆಯ ಶಾಫ್ಟನ್ನು ನಿಮ್ಮ ಬಟ್‌ಗೆ ಹಾಕಿ ನೋಡಬೇಕು. ನಮ್ಮೂರಲ್ಲಿ ಅಂಥದ್ದು ಸಿಗದಿದ್ದರೆ ಬೆಂಗಳೂರಿನ ಯಾವುದಾದರೂ ದೊಡ್ಡ ಟೇಬಲ್ ಮನೆಯಲ್ಲಿ ಸಿಕ್ಕೇ ಸಿಗುತ್ತದೆ. ಆ ಊರಿಗೆ ಕ್ಯೂ ಹೊಸದಲ್ಲ. ಅರವಿಂದ ಸವೂರರ ಕೈಯಲ್ಲಿ ಪಳಗಿದ ಪಂಕಜ್ ಅಡ್ವಾಣಿ 2003ರಲ್ಲಿ ಚೀನಾದಲ್ಲಿ ಮೊದಲ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದದ್ದೂ, ಉಮಾದೇವಿ ನಾಗರಾಜ್ 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಪ್ರಶಸ್ತಿ ತಂದದ್ದೂ ಬೆಂಗಳೂರಿನಿಂದ ಹೋಗಿಯೇ. ಅನುಭವಿ ಆಟಗಾರರು ಕ್ಯೂ ಕೈಗೆತ್ತಿ ಒಂದು ಏಟು ಹೊಡೆದರೆ ಜಾಯಿಂಟಿನ ಗುಣ ಹೇಳುತ್ತಾರೆ. ಸಂಕೋಚಪಡದೆ ಕೇಳಿ.

17. ತೂಕ ನೋಡಿ, ಗುರುತು ಬರೆದಿಡಿ

ಮೇಪಲ್ ಶಾಫ್ಟ್ ಸಾಮಾನ್ಯವಾಗಿ 100ರಿಂದ 125 ಗ್ರಾಂ. ಹಳೆಯದಕ್ಕಿಂತ ಹೊಸದು 10 ಗ್ರಾಂ ಹೆಚ್ಚಿದ್ದರೂ ಕ್ಯೂನ ತೂಕ ಮುಂದಕ್ಕೆ ವಾಲಿದಂತೆ ಕೈಗೆ ಗೊತ್ತಾಗುತ್ತದೆ. ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಎರಡನ್ನೂ ತೂಗಿ. ಪಂದ್ಯಕ್ಕೆ ಹೋಗುವವರಿಗೆ ಪೂಲ್ ನಿಯಮ ಸಡಿಲವೇ: ಉದ್ದ 40 ಇಂಚಿಗೆ ಕಡಿಮೆ ಇರಬಾರದು, ಟಿಪ್ 14 ಮಿ.ಮೀ. ಮೀರಬಾರದು, ಒಟ್ಟು ತೂಕ 25 ಔನ್ಸ್ ದಾಟಬಾರದು.

ಬಿಚ್ಚಿಟ್ಟಾಗ ಪಿನ್ನಿಗೂ ಶಾಫ್ಟಿನ ಬಾಯಿಗೂ ಮುಚ್ಚಳ ಹಾಕಿ. ಕ್ಯೂ ಚೀಲದ ಒಳಮಡಿಕೆಯಲ್ಲಿ ಒಂದು ಚೀಟಿ ಇಡಿ: ಪಿನ್ನಿನ ದಪ್ಪ, ಇಂಚಿಗೆ ಎಷ್ಟು ಥ್ರೆಡ್, ಚಪ್ಪಟೆಯೋ ಪೈಲಟ್ಟೋ, ಪಿನ್ ಹೊರಗಿರುವ ಉದ್ದ, ಕಾಲರಿನ ದಪ್ಪ, ಶಾಫ್ಟಿನ ತೂಕ. ಮುಂದಿನ ಶಾಫ್ಟ್ ತರಿಸುವ ದಿನ ಆ ಚೀಟಿಯ ಫೋಟೊ ಅಂಗಡಿಯವರಿಗೆ ಕಳಿಸಿದರೆ ಸಾಕು.